ಪೆಟ್ಟಿಗೆಯೊಳಗಿನ ಬಿಡ್ಡ

"ವಿಮಾನ ಹತ್ತಿಸ್ಬೇಕು ಅಂದ್ರೆ ಮೊದ್ಲು ಕೈಕಾಲು ಬಿಚ್ಚಬೇಕು ಟೀಚರಮ್ಮ. ಕತ್ತು ತಿರುಗಿಸ್ಬೇಕು. ಗಾಳಿ ತೆಗೀಬೇಕು. ನೀವ್ ಹಿಂಗೆ ಕಣ್ಣೀರು ಹಾಕೋ ಹಂಗ್ ನೋಡ್ತಿದ್ರೆ ನನ್ ಕೈ ಓಡಲ್ಲ. ಆ ಕಡೆ ತಿರುಗಿ."

ಭಾಯ್ ಹೀಗೆ ಹೇಳಿದ್ದು ನನ್ನ ಸೈಕಲ್ಲಿನ ಬಗ್ಗೆ. ಕೋಲಾರದ ಕ್ಲಾಕ್ ಟವರಿನ ಹಿಂದಿನ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ. ನಾನು ಶ್ರೀನಿವಾಸಪುರದ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವವಳು. ಭಾನುವಾರ ಬಂತೆಂದರೆ ಮಾವಿನ ತೋಟಗಳ ನಡುವೆ ಸೈಕಲ್ ತುಳಿದುಕೊಂಡು ಕೋಲಾರಕ್ಕೆ ಬಂದು, ಅವರ ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಕೂತು ಚಹಾ ಕುಡಿದು ಹೋಗುವುದು ನನ್ನ ಅಭ್ಯಾಸ. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ಕನ್ನಡ, ಪ್ರೀತಿ ಉಕ್ಕಿದರೆ ತೆಲುಗು. ಹೀಗೆ ಭಾಯ್ ಮೂರು ಭಾಷೆಯನ್ನೂ ಕೆಲಸಕ್ಕೆ ಹಚ್ಚಿದ್ದರು. ಸೈಕಲ್ಲನ್ನು ಅವರು ಸೈಕಲ್ ಎಂದು ಕರೆದದ್ದನ್ನು ನಾನು ಕೇಳಿಯೇ ಇರಲಿಲ್ಲ. ಬಿಡ್ಡ ಎನ್ನುತ್ತಿದ್ದರು. ತೆಲುಗಿನಲ್ಲಿ ಬಿಡ್ಡ ಅಂದರೆ ಮಗು. "ಏನಮ್ಮಾ, ಬಿಡ್ಡಂಗೆ ಇಷ್ಟೊಂದು ಮಣ್ಣು? ಸ್ನಾನ ಮಾಡ್ಸಕ್ಕೆ ಆಗಲ್ವಾ ನಿಮ್ಗೆ?" ಎಂದು ನನ್ನನ್ನೇ ಗದರುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಕೂಡ ನನ್ನನ್ನು ಕೆಣಕುವುದಿಲ್ಲ. ಭಾಯ್ ಬೈದರೆ ಮಾತ್ರ ಬೈಸಿಕೊಂಡು ನಗುತ್ತಿದ್ದೆ.

ನಾವು ನಾಲ್ಕು ಜನ ಹೆಂಗಸರು ವಿಯೆಟ್ನಾಮಿಗೆ ಸೈಕಲ್ ಸವಾರಿಗೆ ಹೊರಟಿದ್ದೆವು. ಉಳಿದ ಮೂವರು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ ಎಂದರು. ನನಗೆ ನನ್ನದೇ ಬೇಕಿತ್ತು. ಅದಕ್ಕೆ ತಕ್ಕ ದೊಡ್ಡ ರಟ್ಟಿನ ಪೆಟ್ಟಿಗೆ ಕೋಲಾರದಲ್ಲಿ ಸಿಗದೆ, ಭಾಯ್ ಮುಳಬಾಗಿಲಿನ ತಮ್ಮ ಗೆಳೆಯರ ಅಂಗಡಿಯಿಂದ ತರಿಸಿದ್ದರು. ಹೊಸ ಸೈಕಲ್ಲುಗಳು ಕಂಪನಿಯಿಂದ ಬರುವ ಪೆಟ್ಟಿಗೆ ಅದು, ಎತ್ತಲು ಅನುಕೂಲವಾಗಲೆಂದು ಎರಡೂ ಬದಿಗೆ ಕೈ ತೂರುವಷ್ಟು ತೂತುಗಳಿದ್ದವು. ಪೆಟ್ಟಿಗೆ ನೆಲಕ್ಕಿಟ್ಟದ್ದೇ ತಡ, ಭಾಯಿಯ ಮೊಮ್ಮಗಳು ಒಳಗೆ ನುಗ್ಗಿ ಕೂತಳು. ಇನ್ನೂ ಮಾತು ಸರಿಯಾಗಿ ಬಾರದ ಪುಟ್ಟಿ. ಕಾಲಿನಲ್ಲಿ ಹೆಜ್ಜೆ ಹೆಜ್ಜೆಗೂ ಪೀಂ ಪೀಂ ಎನ್ನುವ ಚಪ್ಪಲಿ. "ನಾನಾ, ನಾನೂ!" ಎಂದು ಹಟ ಹಿಡಿದಳು. ದಖನಿಯಲ್ಲಿ ನಾನಾ ಅಂದರೆ ತಾಯಿಯ ಅಪ್ಪ. ಭಾಯ್ ಅವಳನ್ನು ಎತ್ತಿ, ಹೊಟ್ಟೆಗೆ ಮುದ್ದಿಟ್ಟು, ಅವಳ ಅಮ್ಮನ ಕೈಗೆ ಕೊಟ್ಟರು. ಸಂಜೆಗೊಮ್ಮೆ ಅವಳನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಕ್ಲಾಕ್ ಟವರ್ ಸುತ್ತಿಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಪೆಡಲ್ಲುಗಳು ಕಳಚಿದವು, ಹ್ಯಾಂಡಲ್ ಅಡ್ಡ ತಿರುಗಿತು, ಮುಂದಿನ ಚಕ್ರ ಪಕ್ಕಕ್ಕೆ ಬಂತು. ಚಕ್ರ ಕಳಚಿದ ಮುಂಗವೆ, ಅಂದರೆ ಫೋರ್ಕು, ನಜ್ಜಾಗದಿರಲಿ ಎಂದು ನಡುವೆ ಮರದ ತುಂಡೊಂದನ್ನು ಸಿಕ್ಕಿಸಿದರು. ನನ್ನ ಹಳೆಯ ಸೀರೆಗಳನ್ನು ಹರಿದು ಪೈಪಿಗೆಲ್ಲ ಸುತ್ತಿದೆವು. ಪೆಟ್ಟಿಗೆ ಮುಚ್ಚಿ, ಹಗ್ಗ ಬಿಗಿದು, ಅವರ ಭಾವಮೈದುನನ ಲಗೇಜ್ ಆಟೋಗೆ ಏರಿಸಿದೆವು. ಗಾಳಿ ಹೊಡೆಯುವ ಪಂಪು ಮಾತ್ರ ಪೆಟ್ಟಿಗೆಯಲ್ಲಿ ಹಿಡಿಸದೆ ನನ್ನ ಮಡಿಲಲ್ಲೇ ಉಳಿಯಿತು.

ಬೆಂಗಳೂರಿನ ಏರ್‌ಪೋರ್ಟಿಗೆ ಭಾಯ್ ತಾವೇ ಗಾಡಿ ಓಡಿಸಿಕೊಂಡು ಹೊರಟರು. ಟೊಮೇಟೊ ಸೀಸನ್. ಮಾರ್ಕೆಟ್ಟಿನಿಂದ ಹೆದ್ದಾರಿಯವರೆಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. "ವಕ್ಕಲೇರಿ ಮೇಲೆ ಮಾಲೂರಿಗೆ ಹೋಗಿ, ಅಲ್ಲಿಂದ ಹೊಸಕೋಟೆ ಹಿಡಿಯೋಣ" ಎಂದು ಭಾಯ್ ಗಾಡಿ ತಿರುಗಿಸಿದರು. ವಕ್ಕಲೇರಿ ದಾಟಿದ ಮೇಲೆ ಒಂದು ಊರಿನ ಚಹಾ ಅಂಗಡಿಯ ಮುಂದೆ ನಿಲ್ಲಿಸಿದೆವು. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಆ ವಾರ ನಮ್ಮ ತಾಲ್ಲೂಕುಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ಓಡಾಡುತ್ತಿತ್ತು. ನನಗೂ ಬಂದಿತ್ತು. ಅಳಿಸಿ ಹಾಕಿ ಮರೆತಿದ್ದೆ.

ಚಹಾ ಕೈಗೆ ಬರುವಷ್ಟರಲ್ಲಿ ಮುಳಬಾಗಿಲಿನ ಗೆಳೆಯರ ಫೋನು ಬಂತು. ಪೆಟ್ಟಿಗೆ ಸರಿಹೋಯಿತಾ ಎಂದು ಕೇಳಲು. ಭಾಯ್ ಖುಷಿಯಲ್ಲಿದ್ದರು, ಖುಷಿಯಲ್ಲಿದ್ದಾಗ ಅವರ ದನಿ ಇಡೀ ಬೀದಿಗೆ ಕೇಳುತ್ತದೆ. "ಬಿಡ್ಡನು ಪೆಟ್ಟೆಲೋ ಪೆಟ್ಟೇಸಿನಾ ಅನ್ನಾ! ಕಾಳ್ಳು ಚೇತುಲು ಊಡದೀಸಿ, ಮೆಡ ತಿಪ್ಪೇಸಿನಾ. ಫ್ಲೈಟ್ ಎಕ್ಕಿಸ್ತೇ ಅಯಿಪೋತುಂದಿ!" ಎಂದು ನಕ್ಕರು. ಮಗುವನ್ನು ಪೆಟ್ಟಿಗೆಗೆ ಹಾಕಿದೆ, ಕೈಕಾಲು ಬಿಚ್ಚಿ ಕತ್ತು ತಿರುಗಿಸಿದೆ, ವಿಮಾನ ಹತ್ತಿಸಿದರೆ ಮುಗಿಯಿತು. ನಮ್ಮ ಕಡೆ ತೆಲುಗು ತಿಳಿಯದವರು ಯಾರಿದ್ದಾರೆ? ಬೆಂಚಿನ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ತಲೆ ಎತ್ತಿದರು.

ಒಬ್ಬ ಎದ್ದು ಆಟೋ ಹತ್ತಿರ ಹೋಗಿ ಪೆಟ್ಟಿಗೆಯನ್ನು ಸುತ್ತುಹಾಕಿದ. "ಲೇ, ಬನ್ರೋ ಇಲ್ಲಿ! ಉಸ್ರಾಡಕ್ಕೆ ತೂತು ಬಿಟ್ಟವ್ರೆ!"

ನಾನು ಬಾಯಿ ತೆರೆಯುವ ಮೊದಲೇ ಭಾಯಿಯ ಕೆನ್ನೆಗೆ ಮೊದಲ ಏಟು ಬಿತ್ತು. ಚಹಾದ ಲೋಟ ನನ್ನ ಕಾಲ ಮೇಲೆ ಒಡೆಯಿತು. "ಸೈಕಲ್ ಅಣ್ಣಾ, ಸೈಕಲ್" ಎಂದರು ಭಾಯ್. ಹುಟ್ಟಿ ಬೆಳೆದ ಮೇಲೆ ಮೊದಲ ಸಲ ಆ ಪದ ಬಳಸಿದರೇನೋ, ಅದು ಅವರ ಬಾಯಲ್ಲೇ ಸುಳ್ಳಿನಂತೆ ಕೇಳಿಸಿತು. "ಈಗ ಬಿಡ್ಡ ಅಂದೆ, ಈಗ ಸೈಕಲ್ಲಾ?" ಎಂದು ಒಬ್ಬ ಅವರ ಗಡ್ಡ ಹಿಡಿದು ಎಳೆದ. ಎಲ್ಲಿಂದ ಬಂದರೋ ಅಷ್ಟು ಜನ. ಪಕ್ಕದ ಹೊಲದಲ್ಲಿ ಟೊಮೇಟೊ ಗಿಡಕ್ಕೆ ಆಸರೆಯಾಗಿ ಊರಿದ್ದ ನೀಲಗಿರಿ ಕಡ್ಡಿಗಳನ್ನು ಕಿತ್ತುಕೊಂಡೇ ಬಂದರು, ತುದಿಯಲ್ಲಿ ಮಣ್ಣು ಇನ್ನೂ ಹಸಿಯಾಗಿತ್ತು. ಭಾಯಿಯನ್ನು ಆಟೋದ ಕಂಬಿಗೆ ಒತ್ತಿ ಹಿಡಿದು ಬೆನ್ನಿಗೆ, ತೊಡೆಗೆ, ಮೊಣಕಾಲಿಗೆ ಹೊಡೆದರು. ಒಣ ಕಡ್ಡಿ ಮುರಿದರೆ ಇನ್ನೊಂದು ತಂದರು.

"ಪೆಟ್ಟಿಗೆ ಬಿಚ್ಚಿ ನೋಡ್ರೋ! ಬಿಚ್ಚಿ ನೋಡ್ರಯ್ಯಾ!" ಎಂದು ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. ಯಾರೂ ಬಿಚ್ಚಲಿಲ್ಲ. ಒಳಗೇನಿದೆಯೋ ಎಂಬ ಭಯ ಒಂದು ಕಡೆ ಇರಬಹುದು. ನನಗೆ ಅನಿಸಿದ್ದು ಬೇರೆ. ಬಿಚ್ಚಿ ನೋಡಿದರೆ ಹೊಡೆಯುವುದನ್ನು ನಿಲ್ಲಿಸಬೇಕಾಗುತ್ತದಲ್ಲ, ಅದು ಅವರಿಗೆ ಬೇಕಿರಲಿಲ್ಲ.

"ಆಯಮ್ಮನ್ನೂ ಹಿಡ್ಕೊಳ್ರೋ, ಇಂಥೋರೇ ಮಕ್ಳಿಗೆ ಬಿಸ್ಕತ್ ಕೊಟ್ಟು ಕರೆಯೋದು" ಎಂದು ಯಾರೋ ನನ್ನ ಜಡೆಗೆ ಕೈಹಾಕಿದರು. ಪಂಪು ಇನ್ನೂ ನನ್ನ ಕೈಯಲ್ಲೇ ಇತ್ತು. ಭಾಯಿಯ ಗಡ್ಡ ಹಿಡಿದಿದ್ದವನ ಕಿವಿಯ ಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದೆ. ಅವನು ಕುಕ್ಕರುಬಡಿದ. ಮತ್ತೆ ಎತ್ತಿದೆ, ಕಿತ್ತುಕೊಂಡರು. ನನ್ನ ಬಾಯಿಗೆ ಬಿದ್ದ ಏಟಿಗೆ ತುಟಿ ಸೀಳಿತು. ಆ ಕಿವಿಯ ಏಟಿನ ಬಗ್ಗೆ ನನಗೆ ಇಂದಿಗೂ ಒಂದು ಚೂರೂ ಬೇಸರವಿಲ್ಲ. ಇನ್ನೊಂದು ಹಾಕಲಾಗಲಿಲ್ಲವಲ್ಲ ಎಂಬುದಷ್ಟೇ ಬೇಸರ.

ಅಷ್ಟರಲ್ಲಿ ಡೈರಿಗೆ ಹಾಲು ಹಾಕಲು ಬಂದಿದ್ದ ಒಬ್ಬ ಅಜ್ಜಿ ಕ್ಯಾನು ಕೆಳಗಿಟ್ಟು ಆಟೋ ಹತ್ತಿದಳು. ಸೊಂಟದಲ್ಲಿ ಹುಲ್ಲು ಕೊಯ್ಯುವ ಕುಡುಗೋಲು. "ಒಳ್ಗೆ ಕೂಸಿದ್ರೆ ಇಷ್ಟೊತ್ತಿಗೆ ಸತ್ತೋಗ್ತದೆ ಕಣ್ರೋ ಮುಂಡೇವಾ, ಮೊದ್ಲು ಬಿಚ್ರೋ!" ಎಂದು ತಾನೇ ಹಗ್ಗ ಕತ್ತರಿಸಿ ರಟ್ಟನ್ನು ಸೀಳಿದಳು. ಚಕ್ರ ಕಂಡಿತು. ಸೀರೆ ಸುತ್ತಿದ ಪೈಪು ಕಂಡಿತು. ಕಡ್ಡಿಗಳು ಒಂದು ಗಳಿಗೆ ತಗ್ಗಿದವು. ನಾನು ಉಸಿರು ಬಿಟ್ಟೆ. ಮುಗಿಯಿತು ಎಂದುಕೊಂಡೆ.

ಅಜ್ಜಿ ಸೀರೆಯ ಚಿಂದಿಗಳನ್ನು ಕೊಡವಿದಾಗ ಅವುಗಳ ನಡುವಿನಿಂದ ಒಂದು ಪುಟ್ಟ ಚಪ್ಪಲಿ ಕೆಳಗೆ ಬಿತ್ತು. ಯಾರದೋ ಕಾಲು ತಗುಲಿ ಪೀಂ ಎಂದಿತು.

ಆಮೇಲೆ ನಡೆದದ್ದನ್ನು ಬರೆಯಲು ನನಗೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಮಗು ಎಲ್ಲೋ? ಎಲ್ಲಿ ಬಿಸಾಕ್ದೆ ಹೇಳೋ!" ಎಂದು ಭಾಯಿಯನ್ನು ನೆಲಕ್ಕೆ ಕೆಡವಿದರು. ನನ್ನ ಸೈಕಲ್ಲಿನ ಮುಂಗವೆಯಲ್ಲಿದ್ದ ಮರದ ತುಂಡನ್ನೇ ಕಿತ್ತು ಒಬ್ಬ ಅವರ ಬಲಗೈ ಮಣಿಕಟ್ಟಿನ ಮೇಲೆ ಕುಟ್ಟಿದ. ಮೂಳೆ ಮುರಿದ ಶಬ್ದ ನಾನಿದ್ದಲ್ಲಿಗೇ ಕೇಳಿಸಿತು. ಭಾಯ್ ಕೂಗಿಕೊಳ್ಳಲೂ ಇಲ್ಲ. "ನನ್ ಮೊಮ್ಮಗಳ್ದು, ನನ್ ಮೊಮ್ಮಗಳ್ದು" ಎಂದಷ್ಟೇ ಗೊಣಗುತ್ತಿದ್ದರು, ಬಾಯಿಂದ ರಕ್ತ ಸೋರಿ ರಟ್ಟಿನ ಪೆಟ್ಟಿಗೆಯ ಮೇಲೆಲ್ಲ ಹರಿಯಿತು. ಅವರು ಸಾಯುತ್ತಾರೆ, ನನ್ನ ಕಣ್ಣೆದುರಿಗೇ ಸಾಯುತ್ತಾರೆ ಎಂದು ನನಗೆ ಖಾತ್ರಿಯಾಯಿತು.

ನನ್ನ ಮೊಬೈಲು ಕುರ್ತಾ ಜೇಬಿನಲ್ಲೇ ಇತ್ತು. ಅವರ ಮಗಳಿಗೆ ವಿಡಿಯೋ ಕರೆ ಮಾಡಿದೆ. ಅವಳು ನಗುತ್ತಲೇ ಎತ್ತಿದಳು. "ಟೀಚರ್, ಏರ್‌ಪೋರ್ಟ್‌ಗೆ ಹೋಗ್ಬಿಟ್ರಾ?"

"ಮಗೂನ ತೋರ್ಸು. ಏನೂ ಕೇಳ್ಬೇಡ. ಮಗೂನ ತೋರ್ಸೇ!"

ಪುಟ್ಟಿ ಪರದೆಯ ಮೇಲೆ ಬಂದಳು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ನಾನು ಮೊಬೈಲನ್ನು ಅಜ್ಜಿಯ ಮುಖಕ್ಕೆ ಹಿಡಿದೆ. ಅಜ್ಜಿ ಕೆಳಗೆ ಬಿದ್ದ ಚಪ್ಪಲಿ ಎತ್ತಿ, ಕಣ್ಣು ಕಿರಿದು ಮಾಡಿ, ಎರಡನ್ನೂ ನೋಡಿದಳು. "ಜೊತೆ ಇದೇ ಕಣ್ರೋ! ಬಿಡ್ರೋ, ಬಿಡ್ರೋ ಆಯಪ್ಪನ್ನ!" ಎಂದು ಕುಡುಗೋಲು ಎತ್ತಿಕೊಂಡೇ ಗುಂಪಿನ ಮಧ್ಯೆ ನುಗ್ಗಿದಳು. ಹೊಡೆಯುತ್ತಿದ್ದವನೊಬ್ಬ ಮೊಬೈಲ್ ಕಿತ್ತುಕೊಂಡು, ತನ್ನ ಕಣ್ಣಿಂದಲೇ ನೋಡಬೇಕೆಂದು ಪರದೆಯನ್ನು ಭಾಯಿಯ ಮುಖದ ಹತ್ತಿರ ಒಯ್ದ. "ಇವನ್ ಯಾರಮ್ಮಾ ನಿನ್ಗೆ?" ಎಂದು ಮಗುವನ್ನು ಕೇಳಿದ. ಪುಟ್ಟಿ ಆ ಮುಖವನ್ನು ನೋಡಿದಳು. ಊದಿದ ಕಣ್ಣು, ಹರಿದ ತುಟಿ, ರಕ್ತ. ಗುರುತು ಸಿಗದೆ ಚೀರಿ ಅಮ್ಮನ ಕತ್ತಿಗೆ ಮುಖ ಹುದುಗಿಸಿದಳು. "ಅಬ್ಬಾ!" ಎಂದು ಅಪ್ಪನನ್ನು ಕರೆದು ಕಿರುಚಿದವಳು ಭಾಯಿಯ ಮಗಳು.

ಆ ಕಿರುಚಾಟದಿಂದ ಜನ ನಂಬಿದರು. ಕಡ್ಡಿಗಳು ಒಂದೊಂದಾಗಿ ಮೋರಿಗೆ ಬಿದ್ದವು. ಯಾರೋ ಸೋಡಾ ತಂದರು. ಭಾಯಿಯ ಮಣಿಕಟ್ಟನ್ನು ಮುರಿದಿದ್ದವನು ನನ್ನ ಹತ್ತಿರ ಬಂದು, "ನಮ್ ಮಕ್ಳು ಅಂದ್ಮೇಲೆ ಭಯ ಇರಲ್ವಾ ಟೀಚರ್? ತಪ್ಪು ತಿಳ್ಕೋಬೇಡಿ" ಎಂದ. ಅವನ ಮುಖಕ್ಕೆ ರಕ್ತ ತುಂಬಿದ ಬಾಯಿಂದಲೇ ಉಗಿದೆ. ಅವನು ಒರೆಸಿಕೊಂಡು ಹೋದ.

ಮಾಲೂರಿನ ಆಸ್ಪತ್ರೆಯಲ್ಲಿ ಭಾಯಿಯ ಕೈಗೆ ಪಟ್ಟಿ ಕಟ್ಟಿದರು. ಭಾವಮೈದುನ ಓಡಿ ಬಂದಿದ್ದ. ನಾನು ಹೋಗುವುದಿಲ್ಲ, ವಿಯೆಟ್ನಾಂ ಹಾಳಾಗಿ ಹೋಗಲಿ, ಮೊದಲು ಪೊಲೀಸಿನವರ ಹತ್ತಿರ ಹೋಗೋಣ ಎಂದೆ. "ಬೇಡ. ಆ ರೋಡಲ್ಲಿ ನಾಳೆ ನಾವೇ ಓಡಾಡ್ಬೇಕು" ಎಂದರು ಭಾಯ್. ಆಮೇಲೆ, "ನೀವ್ ಹೋಗ್ಲಿಲ್ಲ ಅಂದ್ರೆ ನಾನ್ ಏಟ್ ತಿಂದಿದ್ದೆಲ್ಲ ದಂಡ ಆಗ್ತದೆ. ಹೋಗಿ ಟೀಚರಮ್ಮ." ಭಾವಮೈದುನನ ಜೊತೆ ಅದೇ ಆಟೋದಲ್ಲಿ ಹೋದೆ. ಏರ್‌ಪೋರ್ಟಿನ ಸಿಬ್ಬಂದಿ ಹಗ್ಗ ಸುತ್ತಿದ ಹರಕು ಪೆಟ್ಟಿಗೆಯ ಮೇಲಿನ ಕಲೆ ನೋಡಿ, "ಟೊಮೇಟೊ ಬಾಕ್ಸಾ ಮೇಡಂ?" ಎಂದು ಕೇಳಿದರು. ಹೌದು ಎಂದೆ. ವಿಯೆಟ್ನಾಮಿನ ದಾರಿಗಳ ಬಗ್ಗೆ ಕೇಳಿದರೆ ನನ್ನ ಬಳಿ ಹೇಳಲು ಏನೂ ಇಲ್ಲ. ಅಲ್ಲಿದ್ದಷ್ಟು ದಿನವೂ ಸಿಟ್ಟಿನಲ್ಲೇ ತುಳಿದೆ.

ವಾಪಸು ಬಂದ ಮೇಲೆ ಭಾನುವಾರ ಸೈಕಲ್ ತೆಗೆದುಕೊಂಡು ಅಂಗಡಿಗೆ ಹೋದೆ. ಭಾಯ್ ಎಡಗೈಯಲ್ಲೇ ಸ್ಪ್ಯಾನರ್ ಹಿಡಿದಿದ್ದರು. ಸೈಕಲ್ ತುಂಬ ಬೇಕೆಂದೇ ಮಣ್ಣು ಮೆತ್ತಿಕೊಂಡು ಬಂದಿದ್ದೆ, ಬೈಸಿಕೊಳ್ಳಲು. ಅವರು ನೋಡಿ, "ಗಾಡಿ ಅಲ್ಲಿ ಒರಗ್ಸಿ" ಎಂದರು. ಫೋನು ಬಂದರೆ ಎದ್ದು ಒಳಗೆ ಹೋಗಿ, ಮೆಲ್ಲಗೆ, ಕನ್ನಡದಲ್ಲಿ ಮಾತಾಡಿದರು.

ಸಂಜೆ, ನಾಲ್ಕು ದಿನದ ಮಟ್ಟಿಗೆ ಗಂಡನ ಊರಿಗೆ ಹೊರಟಿದ್ದ ಅವರ ಮಗಳನ್ನೂ ಪುಟ್ಟಿಯನ್ನೂ ಬಸ್ಸಿಗೆ ಹತ್ತಿಸಲು ಎಲ್ಲರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಮಗಳು ಟಿಕೆಟ್ಟು, ಬ್ಯಾಗು ಎಂದು ಮುಂದೆ ಓಡಿದಳು. ಹೊಸ ಚಪ್ಪಲಿಯಲ್ಲಿ ಪೀಂ ಪೀಂ ಎನ್ನುತ್ತ ಬರುತ್ತಿದ್ದ ಪುಟ್ಟಿ ಜನರ ನಡುವೆ ಮುಗ್ಗರಿಸಿ ಬಿದ್ದಳು. ಮಂಡಿ ತರಚಿ ಬೊಬ್ಬೆ ಹಾಕಿದಳು. ನಾನಾ, ನಾನಾ ಎಂದು ಎರಡೂ ಕೈ ಮೇಲಕ್ಕೆ ಚಾಚಿದಳು. ಅಳುವ ಮಗುವಿನ ಕಡೆ ಸುತ್ತಲಿನ ಜನ ತಿರುಗಿ ನೋಡಿದರು. ಭಾಯ್ ಬಾಗಿದವರು ಅರ್ಧಕ್ಕೇ ನಿಂತರು. ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಬದಿಗೆ ಇಳಿಬಿಟ್ಟುಕೊಂಡರು.

"ನೀವ್ ಎತ್ಕೊಳ್ಳಿ ಟೀಚರಮ್ಮ" ಎಂದರು. "ಬೇಗ ಎತ್ಕೊಳ್ಳಿ."