ಕ್ಯಾಂಪಿಗೆ ಬಂದ ಅಜ್ಜಿ

ವಿದೇಶದಲ್ಲಿ ನಾವು ನೆಲೆಸಿರುವ ವಿಂಡಮ್ ವೇಲ್‌ನಲ್ಲಿ ಮನೆಯ ಹತ್ತಿರದ ಸ್ಕೌಟ್ ದಳಕ್ಕೆ ಮಗಳನ್ನು ಸೇರಿಸಿದಾಗ ಅಲ್ಲಿದ್ದವರೆಲ್ಲ ಹುಡುಗರೇ. ಹುಡುಗಿಯರು ಬರಬಾರದೆಂದೇನೂ ಇರಲಿಲ್ಲ; ಯಾರೂ ಬಂದಿರಲಿಲ್ಲ, ಅಷ್ಟೆ. ದಳ ನಡೆಸುತ್ತಿದ್ದ ಹಿರಿಯರು ಮರುವಾರವೇ ಹಗ್ಗ, ಟೆಂಟು ತುಂಬಿದ್ದ ಕೋಣೆಯನ್ನು ಹುಡುಗರಿಂದ ಖಾಲಿ ಮಾಡಿಸಿ, ಅವಳು ಬಟ್ಟೆ ಬದಲಿಸಲೆಂದು ಬಾಗಿಲಿಗೆ ಚಿಲಕ ಹಾಕಿಸಿದರು.

ಮೊದಲ ಕ್ಯಾಂಪ್ ಬಂದಾಗ ಮಾತ್ರ ತೊಡಕಾಯಿತು. ಹುಡುಗಿ ಬರುವುದಾದರೆ ಜೊತೆಗೆ ಒಬ್ಬ ಹೆಂಗಸು ಇರಲೇಬೇಕೆಂದು ಅವರು ಹೇಳಿದರು. ನರ್ಸ್ ಆದ ನನಗೆ ಆ ವಾರಾಂತ್ಯ ರಜೆ ಸಿಗಲಿಲ್ಲ. “ಇರ್ಲಿ ಬಿಡು, ಮುಂದಿನ ವರ್ಷ ಹೋದ್ರಾತು,” ಎಂದು ಧಾರವಾಡದ ನನ್ನ ಗಂಡ ಸಮಾಧಾನ ಹೇಳಿದರೆ ಮಗಳು, “ದಟ್ಸ್ ನಾಟ್ ಫೇರ್, ಅಪ್ಪಾ,” ಎಂದು ಅತ್ತಳು.

ಎರಡು ದಿನ ಬಿಟ್ಟು ಆ ಹಿರಿಯರೇ ಫೋನ್ ಮಾಡಿದರು. “ನನ್ನ ಹೆಂಡತಿ ಬರ್ತಾಳೆ. ಕ್ಯಾಂಪಿಗೆ ಬರೋ ದೊಡ್ಡವರು ಮಾಡಲೇಬೇಕಾದ ಟ್ರೇನಿಂಗ್ ಶುರು ಮಾಡಿದಾಳೆ,” ಎಂದರು.

ಮಂಡಿನೋವಿನ ಆ ಅಜ್ಜಿ ಮಡಿಸುವ ಮಂಚವೊಂದನ್ನು ಹಿಡಿದು ಕ್ಯಾಂಪಿಗೆ ಬಂದರು. ಅವರು ಟೆಂಟಿನಲ್ಲಿ ಎಂದೂ ಮಲಗಿದವರಲ್ಲ. ಟೆಂಟ್ ಹೊಡೆಯುವುದನ್ನು ನನ್ನ ಮಗಳೇ ಅವರಿಗೆ ಹೇಳಿಕೊಟ್ಟಳಂತೆ.

ಭಾನುವಾರ ಮಗಳನ್ನು ಕರೆತರಲು ಹೋದಾಗ ಅಜ್ಜಿಯ ಕೈ ಹಿಡಿದುಕೊಂಡೆ. ಅವರು ನಕ್ಕು, “ಇಷ್ಟು ವರ್ಷ ಗಂಡನಿಗೆ ಊಟ ಕಟ್ಟಿ ಕಳಿಸಿದ್ದೇ ಆಯ್ತು. ಇವಳಿಂದ ನಾನೂ ಕ್ಯಾಂಪ್ ನೋಡಿದೆ,” ಎಂದರು.

ಈಗ ದಳದಲ್ಲಿ ಐದು ಹುಡುಗಿಯರಿದ್ದಾರೆ. ನಾನೂ ಟ್ರೇನಿಂಗ್ ಮುಗಿಸಿದ್ದೇನೆ. ಕ್ಯಾಂಪಿನ ದಿನ ಗೊತ್ತಾದ ತಕ್ಷಣ ಆಸ್ಪತ್ರೆಯಲ್ಲಿ ರಜೆಗೆ ಅರ್ಜಿ ಬರೆದುಕೊಡುತ್ತೇನೆ.