ಕಾಯಿಲನ್ನು ಬಿಸಿ ಮಾಡಿ ನೋಡಬೇಕು

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ತಣ್ಣಗಿರುವ ಯಾವ ವಸ್ತುವನ್ನೂ ನಾನು ನಂಬುವುದಿಲ್ಲ. ಮನೆಯ ಸೀಮೆಎಣ್ಣೆ ಸ್ಟವ್ ಚೆನ್ನಾಗಿಯೇ ಉರಿಯುತ್ತಿದ್ದರೂ, ಪೂರ್ತಿ ಕಾದೊಡನೆ ಕೈಕೊಡುತ್ತದೆ ಎಂದು ಅದರ ಮುಂದೆ ಅರ್ಧ ಗಂಟೆ ಕುಳಿತಿರುತ್ತೇನೆ. ಹೊಸ ಚಪ್ಪಲಿ ತಂದರೆ ಮೊದಲು ಬಿಸಿಲಿಗಿಟ್ಟು, ಅಂಟು ಬಿಡುತ್ತದೆಯೇ ಎಂದು ಬಗ್ಗಿ ನೋಡುತ್ತೇನೆ. "ಏನ್ರೀ ಇದು, ಸ್ಟವ್ವಿನ ಮ್ಯಾಲೆ ಪೊಲೀಸರ ಹಂಗ ಕಣ್ಣಿಟ್ಟು ಕುಂತೀರಿ! ಅದು ಏನು ಕದ್ದದ?" ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೆ ನಾನು ಉತ್ತರ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಒಂದು ಕಾಯಿಲು. ಮೋಟಾರಿನ ಸಹವಾಸವಿಲ್ಲದ ಪುಣ್ಯವಂತರು ಕೇಳಿಸಿಕೊಳ್ಳಿ: ಕಾಯಿಲು ಎಂದರೆ ಲೋಟದಷ್ಟು ಗಾತ್ರದ ಒಂದು ಕರಿಯ ಡಬ್ಬಿ. ಒಳಗೆ ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ, ಸುತ್ತಲೂ ಡಾಂಬರು. ಬ್ಯಾಟರಿಯ ಬಡ ವಿದ್ಯುತ್ತನ್ನು ಅದು ಶ್ರೀಮಂತ ವಿದ್ಯುತ್ತನ್ನಾಗಿ ಮಾಡಿ, ರಬ್ಬರು ಹೊದೆಸಿದ ದಪ್ಪ ವೈರುಗಳ ಮೂಲಕ ಪ್ಲಗ್ಗುಗಳಿಗೆ ಕಳಿಸುತ್ತದೆ. ಅಲ್ಲಿ ಕಿಡಿ ಹಾರಿದರೆ ಎಂಜಿನ್ನು ಓಡುತ್ತದೆ. ಕಾಯಿಲು ಕೆಟ್ಟರೆ ಓಡುವುದಿಲ್ಲ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಕೆಲವು ಕಾಯಿಲುಗಳು ತಣ್ಣಗಿರುವಾಗ ಸಭ್ಯ ಗೃಹಸ್ಥರಂತೆ ಕೆಲಸ ಮಾಡಿ, ಬಿಸಿಯಾದೊಡನೆ ಮೌನ ಹಿಡಿಯುತ್ತವೆ. ಮತ್ತೆ ತಣಿದ ಮೇಲೆ, ಏನೂ ಆಗಿಯೇ ಇಲ್ಲ ಎಂಬಂತೆ ಕಿಡಿ ಕೊಡುತ್ತವೆ.

ಅಂಥದೊಂದು ಕಾಯಿಲು ನನ್ನ ಗೆಳೆಯ ಅನಂತ ಭಟ್ಟರ ಕಾರಿನಲ್ಲಿತ್ತು. ಭಟ್ಟರು ಉಡುಪಿಯ ಕಡೆಯವರು, ಬೈಕುಲ್ಲಾದಲ್ಲಿ ಹೋಟೆಲು ನಡೆಸುತ್ತಾರೆ. ಕಾರು ಮಹಾಯುದ್ಧಕ್ಕೂ ಮೊದಲಿನದು, ಕೊಳೆತ ಹೆಸರುಕಾಳಿನ ಬಣ್ಣ, ಎರಡೇ ಬಾಗಿಲು. ಹಿಂದಿನ ಸೀಟಿನವರು ಇಳಿಯಬೇಕಾದರೆ ಮುಂದಿನವರು ಮೊದಲು ಇಳಿದು ಸೀಟನ್ನು ಮಡಚಬೇಕು. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ನಾನು ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ತೆಗೆದುಕೊಂಡು ಬಿ.ಎ. ಮಾಡಿದವನು. ಈಗ ಭಟ್ಟರಿರುವ ಶಹರದಲ್ಲೇ ಕೋಟೆಯ ಕಡೆ ಒಂದು ವಿಮೆ ಕಚೇರಿಯಲ್ಲಿ ಗುಮಾಸ್ತ, ಮುಲುಂಡಿನಲ್ಲಿ ಬಿಡಾರ. ಬೇರೆಯವರಿಗೆ ಒದಗಿದ ಅಪಾಯಗಳನ್ನು ದಿನವಿಡೀ ಓದಿ, ಅವರು ಹಾಗೆ ಮಾಡಬಾರದಿತ್ತು, ಹೀಗೆ ಮಾಡಬೇಕಿತ್ತು ಎಂದು ಅಂಚಿನಲ್ಲಿ ಬರೆಯುವುದು ನನ್ನ ಕೆಲಸ. ಮೇ ತಿಂಗಳ ಒಂದು ಭಾನುವಾರ ಭಟ್ಟರು ತಮ್ಮ ತಾಯಿಯನ್ನು ಮುಲುಂಡಿಗೆ ಕರೆದುಕೊಂಡು ಹೊರಟಿದ್ದರು. ಅಲ್ಲಿ ಭಟ್ಟರ ತಂಗಿಗೆ ಹೆರಿಗೆಯಾಗಿತ್ತು. ಹೋಟೆಲಿಗೆ ಬಂದಿದ್ದ ನಾನೂ, ಹೇಗೂ ನನ್ನ ಮನೆಯ ದಾರಿಯೇ ಎಂದು ಮುಂದಿನ ಸೀಟಿನಲ್ಲಿ ಕುಳಿತೆ. ಹಿಂದೆ ಅಮ್ಮ, ಅವರ ಮಡಿಲಲ್ಲಿ ಬಾಣಂತಿಗೆಂದು ಮಾಡಿದ ಲೇಹ್ಯದ ಭರಣಿ. ಮಳೆಗಾಲಕ್ಕೆ ಇನ್ನೂ ಹದಿನೈದು ದಿನವಿತ್ತು. ಆದರೂ ನಾನು ಕೊಡೆ ಹಿಡಿದಿದ್ದೆ.

ಕುರ್ಲಾದ ಆಚೆ ಒಂದು ರೈಲ್ವೆ ಗೇಟು. ಗೇಟಿನವನು ಮುಚ್ಚಲು ಶುರುಮಾಡಿದ್ದ. ನಾವು ಕೊನೆಯವರಾಗಿ ನುಸುಳಿದೆವು. ತಪ್ಪು ನಮ್ಮದೇ. ಸರಿಯಾಗಿ ಹಳಿಯ ಮೇಲೆ ಎಂಜಿನ್ನು ನಿಂತಿತು. ಭಟ್ಟರು ಸ್ಟಾರ್ಟರ್ ಒತ್ತಿದರು. ಎಂಜಿನ್ನು ಗೊರಗೊರ ಎಂದಿತು, ಹತ್ತಲಿಲ್ಲ. ಇನ್ನೊಮ್ಮೆ. ಇಲ್ಲ. ಗೇಟಿನವನು "ಅರೇ ನಿಕಾಲೋ! ಗಾಡಿ ನಿಕಾಲೋ!" ಎಂದು ಕೂಗುತ್ತ ಕೆಂಪು ಬಾವುಟ ಹಿಡಿದು ಹಳಿಗುಂಟ ಓಡಿದ. ತಿರುವಿನ ಆಚೆ ರೈಲಿನ ಸೀಟಿ ಕೇಳಿಸಿತು.

ಮುಂದಿನದು ನನಗೆ ಚಿತ್ರದಂತೆ ಕಾಣುತ್ತದೆ, ದಿನಕ್ಕೆ ಹತ್ತು ಸಲ. ನನ್ನ ಕೈ ಬಾಗಿಲು ತೆರೆಯಿತು. ನನ್ನ ಕಾಲು ನೆಲ ಮುಟ್ಟಿತು. ಆಮೇಲೆ ನಾನು ರಸ್ತೆಯ ಆಚೆಯ ಚಹದಂಗಡಿಯ ಬೆಂಚಿನ ಹಿಂದೆ ನಿಂತಿದ್ದೆ. ನಡುವೆ ಏನಾಯಿತೆಂಬುದು ನೆನಪಿಲ್ಲ. ಸೀಟು ಮಡಚಲಿಲ್ಲ ಎಂಬುದಂತೂ ಖಂಡಿತ. ಭಟ್ಟರು ಗಾಡಿಯನ್ನು ಮೊದಲನೆಯ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು, ಸ್ಟಾರ್ಟರನ್ನೇ ಒತ್ತಿ ಹಿಡಿದರು. ಸತ್ತ ಎಂಜಿನ್ನನ್ನು ಬ್ಯಾಟರಿಯೇ ಎಳೆಯಿತು. ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ಒಂದು ಕುಪ್ಪಳಿಕೆ, ಎರಡು, ಐದು, ಆರು. ಹಳಿ ದಾಟಿತು. ನಾನು ಉಸಿರು ಬಿಡುವುದರೊಳಗೆ ಲೋಕಲ್ ರೈಲು ಗುಡುಗಿಕೊಂಡು ಹೋಯಿತು.

ಭಟ್ಟರು ಇಳಿದು ಕಾಯಿಲಿಗೆ ಒದ್ದೆ ಬಟ್ಟೆ ಸುತ್ತಿದರು. ನಾನು ನೆಲ ನೋಡುತ್ತ ಹತ್ತಿರ ಹೋದೆ. ಅಮ್ಮ ಕಿಟಕಿಯಿಂದ ಕೈ ಚಾಚಿದರು. "ಮಗಾ, ನಿನ್ನ ಕೊಡೆ ಇಲ್ಲೇ ಬಿಟ್ಟು ಹೋಗಿದ್ದಿ ನೋಡು. ತಕ್ಕೋ" ಎಂದರು. ಅಷ್ಟೇ. ಬೈದಿದ್ದರೆ ಬದುಕುತ್ತಿದ್ದೆ.

ಮನೆಗೆ ಬಂದು ಹೆಂಡತಿಗೆ, ಗಾಡಿ ತಳ್ಳಲು ಜನರನ್ನು ಕರೆಯಲೆಂದು ಓಡಿದೆ ಎಂದು ಹೇಳಿದೆ. ಕಚೇರಿಯಲ್ಲಿ ಹೇಳುವಾಗ ಆ ಜನರ ಸಂಖ್ಯೆ ನಾಲ್ಕಾಯಿತು. ಭಟ್ಟರು ಆ ವಿಷಯ ಎತ್ತಲೇ ಇಲ್ಲ. ಅದೇ ನನ್ನ ಸಂಶಯಕ್ಕೆ ಮೂಲ. ಏಕೆ ಎತ್ತಲಿಲ್ಲ? ಗಮನಿಸಿಲ್ಲವೇ? ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆಯೇ? ನಾನು ಹೋಟೆಲಿಗೆ ಹೋದಾಗ ಕಾಫಿಗೆ ಮೊದಲಿಗಿಂತ ಹೆಚ್ಚು ನೊರೆ ಬರುತ್ತಿದೆಯಲ್ಲ, ಇದರ ಅರ್ಥವೇನು? ಮನುಷ್ಯನಿಗೆ ಒಮ್ಮೆ ಸಂಶಯ ಹತ್ತಿದರೆ ನೊರೆಯನ್ನೂ ಬಿಡುವುದಿಲ್ಲ.

ಇಷ್ಟರಲ್ಲಿ ಮಗುವಿನ ತೊಟ್ಟಿಲು ಶಾಸ್ತ್ರ ಬಂತು. ಅಮ್ಮ ಮತ್ತೆ ಅದೇ ಗೇಟು ದಾಟಬೇಕು, ಅದೇ ಕಾರಿನಲ್ಲಿ. ಲೋಕಲ್ ಹತ್ತುವ ವಯಸ್ಸಲ್ಲ. "ಭಾನುವಾರದ ಒಳಗೆ ಗಾಡಿ ಸರಿಯಾಗ್ಬೇಕು ಜೋಶಿಯವರೇ, ನೀವೂ ಬನ್ನಿ, ಓದಿದವರು" ಎಂದರು ಭಟ್ಟರು. ಈ 'ಓದಿದವರು' ಎಂಬ ಮಾತಿನಲ್ಲಿ ಮುಳ್ಳಿದೆಯೇ ಎಂದು ಎರಡು ದಿನ ಯೋಚಿಸಿದೆ.

ಮೊದಲು ವೈರುಗಳ ವಿಚಾರಣೆ. ಹೋಟೆಲಿನ ಮುಂದೆ ಎಂಜಿನ್ನು ಓಡಿಸಿ, ಬಾನೆಟ್ಟಿನ ಮೇಲೆ ಕರಿಯ ಕಂಬಳಿ ಹೊದಿಸಿ, ಫೋಟೋ ತೆಗೆಯುವವರಂತೆ ಇಬ್ಬರೂ ತಲೆ ತೂರಿಸಿದೆವು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಕತ್ತಲೆ. ಆ ಕತ್ತಲೆಯಲ್ಲಿ ವೈರುಗಳ ಮೈಮೇಲೆ ನೀಲಿ ಇರುವೆಗಳು ಓಡಾಡುತ್ತಿದ್ದವು. ರಬ್ಬರು ಬಿರಿದು, ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ದಾರಿಯಲ್ಲೇ ಸೋರಿಹೋಗುತ್ತಿತ್ತು. "ಎಂತ ಚಂದ ಉಂಟಲ್ಲ ಮಾರಾಯ್ರೇ!" ಎಂದರು ಭಟ್ಟರು. ಹಗಲು ಬೆಳಕಿನಲ್ಲಿ ಅವೇ ವೈರುಗಳು ಎಷ್ಟು ಗಂಭೀರವಾಗಿ ಕಾಣುತ್ತಿದ್ದವು!

ಹೊಸ ವೈರು ಆರಿಸುವಾಗ ನಾನು ತೀರ ಕಟುಕನಾದೆ. ಬೈಕುಲ್ಲಾದ ಗಲ್ಲಿಯಲ್ಲಿದ್ದ ಮೋಟಾರು ಸಾಮಾನಿನ ಅಂಗಡಿಯಲ್ಲಿ ಪ್ರತಿ ತುಂಡನ್ನೂ ಬೆರಳಿಗೆ ಸುತ್ತಿ ಬಾಗಿಸಿದೆ. ಹಳೆಯ ರಬ್ಬರಿಗೆ ಹೊಸ ನೂಲಿನ ಅಂಗಿ ತೊಡಿಸಿ ಮೆರುಗು ಬಳಿದಿದ್ದರೆ ಬಾಗಿದಲ್ಲಿ ಬಿರುಕು ಬಾಯಿಬಿಡುತ್ತದೆ. ತುದಿ ಕತ್ತರಿಸಿ ತಾಮ್ರದ ಎಳೆಗಳನ್ನು ಬಿಡಿಸಿ ನೋಡಿದೆ. ಅಂಗಡಿಯ ಸೇಠ್ ನನ್ನನ್ನೇ ನೋಡುತ್ತಿದ್ದ. "ಸಾಬ್ ಸಿ.ಐ.ಡಿ. ಹೈ ಕ್ಯಾ?" ಎಂದು ಭಟ್ಟರನ್ನು ಕೇಳಿದ.

ಆಮೇಲೆ ಕಾಯಿಲು. ಸೇಠ್ ಮೂರು ಕಾಯಿಲುಗಳನ್ನು ಮುಂದಿಟ್ಟ. ಮೂರೂ ಮಿರಮಿರ ಮಿಂಚುತ್ತಿದ್ದವು. ಒಂದೊಂದನ್ನೂ ಬ್ಯಾಟರಿಗೆ ತಗುಲಿಸಿ ಚಟ್ ಚಟ್ ಎಂದು ಕಿಡಿ ಹಾರಿಸಿ ತೋರಿಸಿದ. "ಏಕದಮ್ ಅಸ್ಸಲ್ ಮಾಲ್!" ಪ್ರತ್ಯಕ್ಷವೇ ಎಲ್ಲ ಪ್ರಮಾಣಗಳಲ್ಲಿ ಹಿರಿದೆಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಆದರೆ ಪ್ರತ್ಯಕ್ಷವನ್ನು ಎಷ್ಟು ಹೊತ್ತು ನೋಡುತ್ತಿರಬೇಕೆಂದು ಹೇಳಿಕೊಟ್ಟಿರಲಿಲ್ಲ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸಬಹುದು, ಸರಿ. ಇಲ್ಲಿ ಕಿಡಿಯೇ ಕಣ್ಣೆದುರಿಗಿದೆ. ಆದರೂ ಅರ್ಧ ಗಂಟೆಯ ನಂತರ ಅದು ಇರುತ್ತದೆ ಎಂದು ಯಾವ ತರ್ಕವೂ ಹೇಳಲಾರದು.

ತರ್ಕ ಹೇಳದ್ದನ್ನು ಹೋಟೆಲು ಹೇಳಿತು. "ನಮ್ಮಲ್ಲಿ ಬೆಳಿಗ್ಗೆಯಿಂದ ರಾತ್ರಿಯ ತನಕ ಬಾಯ್ಲರ್ ಉರೀತಾ ಉಂಟು" ಎಂದರು ಭಟ್ಟರು. "ಮೂರನ್ನೂ ತಗೊಂಡು ಹೋಗಿ, ಡಬ್ಬಿಯಲ್ಲಿಟ್ಟು ಬಾಯ್ಲರಿನ ತಲೆಯ ಮೇಲೆ ಇಡುವ. ಎಂಜಿನ್ನಿನಷ್ಟೇ ಬಿಸಿಯಾಗ್ಲಿ. ಆಮೇಲೆ ಕಿಡಿ ನೋಡುವ."

ಸೇಠ್ ಒಪ್ಪಲಿಲ್ಲ. ಸಂಶಯ ಅವನ ಕಸುಬಿಗೂ ಬೇಕಲ್ಲ. ಮಾಲು ಅಂಗಡಿ ಬಿಟ್ಟು ಹೋದರೆ ಮರಳಿ ಬರುತ್ತದೆಂದು ಏನು ಭರವಸೆ? ಭಟ್ಟರು ಒಂದು ಕ್ಷಣವೂ ಯೋಚಿಸದೆ ನನ್ನ ಹೆಗಲ ಮೇಲೆ ಕೈಯಿಟ್ಟರು. "ಯೇ ಬಿ.ಎ. ಪಾಸ್ ಹೈ. ಇನಕೋ ಇಧರ್ ರಖೋ" ಎಂದು ಹೇಳಿ, ಮೂರು ಕಾಯಿಲುಗಳನ್ನು ಪಂಚೆಯ ಮಡಿಲಿಗೆ ಹಾಕಿಕೊಂಡು ನಡೆದೇಬಿಟ್ಟರು.

ನಾನು ಒಂದು ಖಾಲಿ ಡಬ್ಬದ ಮೇಲೆ ಒತ್ತೆಯಾಗಿ ಕುಳಿತೆ. ಸೇಠ್ ನನ್ನನ್ನು ಮೇಲಿಂದ ಕೆಳಗೆ ನೋಡಿದ, ನಾನು ವೈರುಗಳನ್ನು ನೋಡಿದ ಹಾಗೆಯೇ. ಆಮೇಲೆ ಚಪ್ಪಲಿಯ ಮೇಲೆ ದೃಷ್ಟಿ ನಿಲ್ಲಿಸಿ ಕೇಳಿದ: "ಭಾಗ್ ತೋ ನಹೀ ಜಾಯೇಂಗೇ, ಸಾಬ್?"

ಓಡಿಹೋಗುವುದಿಲ್ಲ ತಾನೇ! ಬೈಕುಲ್ಲಾದಲ್ಲಿ ಅಷ್ಟು ಜನರಿದ್ದಾರೆ. ನನ್ನನ್ನು ಈ ಪ್ರಶ್ನೆ ಕೇಳಬೇಕೇ? ಹಳಿ, ಬಾವುಟ, ಸೀಟಿ ಎಲ್ಲ ಮತ್ತೊಮ್ಮೆ ಬಂದು ಹೋದವು. ಎರಡು ಗಂಟೆಯ ಹೊತ್ತು ಆ ಡಬ್ಬದ ಮೇಲಿನಿಂದ ನಾನು ಏಳಲಿಲ್ಲ. ಬಾಯಾರಿಕೆಗೂ ಏಳಲಿಲ್ಲ. ಕೊನೆಗೆ ಸೇಠ್ ನನ್ನ ಮೇಲೆ ಕನಿಕರಪಟ್ಟು ಚಹ ತರಿಸಿಕೊಟ್ಟ.

ಭಟ್ಟರು ನಗುತ್ತ ಬಂದರು. "ಎರಡು ಬೆವರಿದವು ಮಾರಾಯ್ರೇ! ಹೊಸ ಬಣ್ಣದ ಸಂದಿಯಿಂದ ಡಾಂಬರು ತೊಟ್ಟಿಕ್ಕಿತು. ಆ ವಾಸನೆಗೆ ಗಿರಾಕಿಗಳು ಇವತ್ತು ಸಾಂಬಾರಿಗೆ ಎಂತ ಹಾಕಿದ್ದೀರಿ ಅಂತ ಕೇಳ್ತಿದ್ದಾರೆ. ಅವೆರಡರಲ್ಲಿ ಕಿಡಿಯೂ ಇಲ್ಲ, ಎಂತದೂ ಇಲ್ಲ. ಈ ಸೊಟ್ಟ ಮೂತಿಯದ್ದು ಮಾತ್ರ ಬಿಸಿಯಲ್ಲೂ ಅಕ್ಕಿಕಾಳಿನಷ್ಟು ಉದ್ದ ಕಿಡಿ ಕೊಡ್ತು." ಬೆವರಿದ ಎರಡನ್ನು ಸೇಠ್ ನಾಚಿಕೆಯಿಲ್ಲದೆ ಒರೆಸಿ ಮತ್ತೆ ಕಪಾಟಿನಲ್ಲಿಟ್ಟ. ಮುಂದಿನ ಗಿರಾಕಿಯ ಹತ್ತಿರ ಬಾಯ್ಲರ್ ಇರುವುದಿಲ್ಲವೆಂದು ಅವನಿಗೆ ಗೊತ್ತು.

ಹೋಟೆಲಿನ ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ: "ಭಟ್ರ, ಅವತ್ತು ನಾ ಮಂದೀನ ಕರೀಲಿಕ್ಕೆ ಓಡಲಿಲ್ರೀ. ಸುಮ್ನ ಓಡಿದೆ. ಅಮ್ಮಗ ಇಳೀಲಿಕ್ಕೆ ಸೀಟೂ ಮಡಚಲಿಲ್ಲ."

"ಗೊತ್ತುಂಟು" ಎಂದರು ಭಟ್ಟರು. ಸ್ವಲ್ಪ ದೂರ ನಡೆದ ಮೇಲೆ, "ನಾನು ಕೂತದ್ದು ಧೈರ್ಯದಿಂದ ಅಂತ ತಿಳ್ಕೊಂಡಿದ್ರಾ? ನನ್ನ ಬದಿಯ ಬಾಗಿಲು ಜಾಮ್ ಆಗಿ ವರ್ಷ ಆಯ್ತು. ತೆರೀಲಿಕ್ಕೇ ಬರುದಿಲ್ಲ. ತೆರೀತಿದ್ರೆ ಚಹದಂಗಡಿಯಲ್ಲಿ ನಿಮಗಿಂತ ಮೊದ್ಲು ನಾನೇ ಇರ್ತಿದ್ದೆ!" ಎಂದು ಗಹಗಹಿಸಿದರು.

ಎಷ್ಟು ಹಗುರಾಯಿತು ಎದೆ! ಆದರೆ ಚಟ ಬಿಟ್ಟೀತೇ? ಮುಲುಂಡಿನ ಲೋಕಲ್ಲಿನಲ್ಲಿ ಕುಳಿತ ಕೂಡಲೇ ಹೊಸ ಸಂಶಯ ಮೊಳೆಯಿತು. ಒದ್ದೆ ಬಟ್ಟೆ ಸುತ್ತಲು ಭಟ್ಟರು ಯಾವ ಬಾಗಿಲಿನಿಂದ ಇಳಿದರು? ಆಗ ನಾನು ನೆಲ ನೋಡುತ್ತಿದ್ದೆ. ಬೇರೆ ದಿನಗಳಲ್ಲಿ? ನಾನು ಬರುವಷ್ಟರಲ್ಲಿ ಅವರು ಯಾವಾಗಲೂ ಸ್ಟೇರಿಂಗಿನ ಮುಂದೆ ಕುಳಿತೇ ಇರುತ್ತಿದ್ದರು. ಬಾಗಿಲು ನಿಜವಾಗಿ ಜಾಮ್ ಆಗಿದೆಯೇ, ಅಥವಾ ನನಗೋಸ್ಕರ ಅದನ್ನು ಆ ದಾರಿಯಲ್ಲೇ ಜಾಮ್ ಮಾಡಿದರೇ?

ಭಾನುವಾರ ಹೋಟೆಲಿನ ಮುಂದೆ ಗಾಡಿ ಹೊಸ ವೈರು, ಸೊಟ್ಟ ಮೂತಿಯ ಕಾಯಿಲು ತೊಟ್ಟು ಸಣ್ಣಗೆ ಗುನುಗುತ್ತಿತ್ತು. ಭಟ್ಟರು ಅಮ್ಮನನ್ನು ಕರೆತರಲು ಒಳಗೆ ಹೋಗಿದ್ದರು. ಅವರ ಬದಿಯ ಬಾಗಿಲು ನನ್ನಿಂದ ಒಂದು ಮಾರು ದೂರ. ಹಿಡಿಯನ್ನು ಒಮ್ಮೆ ತಿರುವಿದರೆ ಸಾಕು, ಸತ್ಯ ತಿಳಿಯುತ್ತದೆ. ಕೈ ಮುಂದೆ ಹೋಯಿತು.

ವೈರನ್ನು ಬಾಗಿಸಿ ನೋಡಬೇಕು, ಕಾಯಿಲನ್ನು ಬಿಸಿ ಮಾಡಿ ನೋಡಬೇಕು. ಇದು ನನ್ನ ಈಗಿನ ದೃಢವಾದ ಮತ. ಆದರೆ ಆ ಹಿಡಿಯನ್ನು ಮಾತ್ರ ನಾನು ತಿರುವಲಿಲ್ಲ. ಗಾಡಿಯನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ, ಮುಂದಿನ ಸೀಟು ಮಡಚಿ, ಹಿಂದಿನ ಸೀಟಿನ ಮೂಲೆಯಲ್ಲಿ ಹುದುಗಿ ಕುಳಿತು, ಭಟ್ಟರು ಬಂದು ಕೂಡುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಯಾವ ಕಡೆಯಿಂದ ಹತ್ತಿದರೋ ದೇವರೇ ಬಲ್ಲ.

"ಇದೆಂತದು, ಮುಂದೆ ಬನ್ನಿ" ಎಂದರು ಭಟ್ಟರು. "ಬ್ಯಾಡ್ರೀ, ಅಮ್ಮ ಮುಂದ ಕೂಡಲಿ" ಎಂದೆ. ನನ್ನಂಥ, ಇನ್ನೂ ಬಿಸಿಯಲ್ಲಿ ಪರೀಕ್ಷೆಯಾಗದ ಸಾಮಾನನ್ನು ಬಾಗಿಲಿನ ಹತ್ತಿರ ಇಡಬಾರದು.

ಕುರ್ಲಾ ದಾಟಿತು. ಗೇಟು ಬಂತು, ತೆರೆದಿತ್ತು. ಚಕ್ರಗಳು ಹಳಿಯ ಮೇಲೆ ಗಡಗಡಿಸಿದವು. ಎಂಜಿನ್ನು ಒಂದು ಉಸಿರನ್ನೂ ತಪ್ಪಿಸಲಿಲ್ಲ. ನನ್ನ ಎದೆ ಮಾತ್ರ ನಾಲ್ಕೈದು ಸಲ ತಪ್ಪಿಸಿತು. ಆಗ ಮುಂದಿನ ಸೀಟಿನಿಂದ, ಹಿಂತಿರುಗಿ ನೋಡದೆಯೇ, ಅಮ್ಮ ಕೇಳಿದರು:

"ಮಗಾ, ಕೊಡೆ ಉಂಟಲ್ಲ?"

"ಅದ ಅಮ್ಮ" ಎಂದೆ. ಎರಡೂ ಕೈಗಳಿಂದ ಹಿಡಿದಿದ್ದೆ.