ಮೊದಲ ಲಾರಿಯಲ್ಲಿ ಹೋದ ಬಿಳಿ ಸೀರೆಗಳು

ನಿಮ್ಮ ಅಮ್ಮ ಬೆಳಿಗ್ಗೆ ಎಂಟೂವರೆಗೆ ಬ್ಯಾಂಕಿಗೆ ಹೊರಡುವಾಗ ಗ್ರಿಲ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಅದರಲ್ಲಿ ಅವಳ ತಪ್ಪಿಲ್ಲ. ಹಾಗೆ ಮಾಡು ಎಂದವಳು ನಾನೇ. ಎರ್ನಾಕುಳದ ವೈಟ್ಟಿಲದಲ್ಲಿದ್ದ ಆ ಮೂರನೇ ಮಹಡಿಯ ಫ್ಲಾಟಿಗೆ ದಿನವೂ ಯಾರಾದರೂ ಬಂದು ಬೆಲ್ ಒತ್ತುತ್ತಿದ್ದರು. ಸೋಪು ಮಾರುವವರು, ಗ್ಯಾಸಿನವರು, ವಿಳಾಸ ತಪ್ಪಿದವರು. ಮಲಯಾಳದಲ್ಲಿ ಏನೋ ಕೇಳುತ್ತಿದ್ದರು. ಉತ್ತರ ಕೊಡಲು ನನಗೆ ಬಾಯಿ ಬರುತ್ತಿರಲಿಲ್ಲ. ಬೀಗ ಇದ್ದರೆ ಅದನ್ನು ತೋರಿಸಿ ಕೈ ಆಡಿಸಿದರೆ ಸಾಕು, ಹೋಗಿಬಿಡುತ್ತಿದ್ದರು. ಇನ್ನೊಂದು ಬೀಗದ ಕೈ ಒಳಗೆ ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು. ಅದನ್ನು ನಾನು ಮುಟ್ಟುತ್ತಿರಲಿಲ್ಲ.

ನೀವು ಯಾರೂ ಆಗ ಹುಟ್ಟಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷ ಅದು. ನಿಮ್ಮ ಅಜ್ಜ ತಿರುವನಂತಪುರದಲ್ಲಿ ಒಂದು ಕೇಂದ್ರ ಸಂಸ್ಥೆಯ ಉಗ್ರಾಣ ವಿಭಾಗದಲ್ಲಿದ್ದರು. ಅಲ್ಲಿಯ ಕ್ವಾರ್ಟರ್ಸಿನಲ್ಲಿ ಹನ್ನೆರಡು ವರ್ಷ ಇದ್ದೆವು. ಹಾಲು, ತರಕಾರಿಗೆ ಬೇಕಾದಷ್ಟು ಮಲಯಾಳ ಕಲಿತಿದ್ದೆ, ಉಳಿದ ಮಾತನ್ನೆಲ್ಲ ಅವರೇ ಆಡುತ್ತಿದ್ದರು. ಆ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕ್ವಾರ್ಟರ್ಸ್ ಬಿಡಬೇಕಾಯಿತು. ಎರ್ನಾಕುಳಕ್ಕೆ ಮಗಳ ಮನೆಗೆ ಬಂದೆ. ಊರಿನಿಂದ ನನ್ನ ಅತ್ತಿಗೆ ಬಂದು ನಾಲ್ಕು ಬಿಳಿ ಸೀರೆ ಕೊಟ್ಟು, ಇನ್ನು ಬಣ್ಣದ್ದು ಬೇಡ, ವರ್ಷಾಂತಿಕ ಆಗುವ ತನಕ ಬೇರೆಯವರ ಹೊಸ್ತಿಲು ತುಳಿಯುವುದೂ ಬೇಡ ಎಂದು ಹೇಳಿ ಹೋದರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ನನಗೆ ಅದು ಅನುಕೂಲವೇ ಆಯಿತು. ಹೊರಗೆ ಹೋಗದಿರಲು ಒಂದು ಕಾರಣ ಸಿಕ್ಕಿತು. ಕೇರಳದಲ್ಲಿ ಬಿಳಿ ಉಟ್ಟವರನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಅಲ್ಲಿ ಮದುವೆಗೂ ಓಣಂಗೂ ಬಿಳಿಯೇ.

ದೀಪಾವಳಿಗೆ ಸ್ವಲ್ಪ ಮೊದಲು ಒರಿಸ್ಸಾ ಕರಾವಳಿಗೆ ದೊಡ್ಡ ಚಂಡಮಾರುತ ಬಡಿಯಿತು. ಟಿವಿಯಲ್ಲಿ ತೋರಿಸುತ್ತಿದ್ದರು. ಊರೇ ನೀರು, ಬುಡ ಸಮೇತ ಮಲಗಿದ ತೆಂಗಿನ ಮರಗಳು, ಶಾಲೆಯ ಮಾಡಿನ ಮೇಲೆ ಕುಳಿತ ಹೆಂಗಸರು. ಕೊಂಕಣಿ ಅಂಗಡಿಯಿಂದ ತಂದ ಹಪ್ಪಳ ಸುಡುತ್ತಾ ನೋಡಿದವಳು ಒಲೆ ಆರಿಸಿ ಕುಳಿತುಬಿಟ್ಟೆ.

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಒಂದೇ ದಿನದಲ್ಲಿ ಅವರು ಕಟ್ಟಡವನ್ನೆಲ್ಲ ಶಾಲೆ ಮಾಡಿಬಿಟ್ಟರು. ಒಂದನೇ ಮಹಡಿಯವರು ಅಕ್ಕಿ ಬೇಳೆ, ಎರಡನೆಯವರು ಔಷಧಿ, ನಮ್ಮ ಮೂರನೆಯವರು ಬಟ್ಟೆ. ಹರಿದದ್ದು, ಗುಂಡಿ ಇಲ್ಲದ್ದು ತಂದರೆ ಅಲ್ಲಿಯೇ ವಾಪಸ್. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿ ವಿಂಗಡಿಸುತ್ತಿದ್ದರು.

ಮಂಗಳವಾರ ಅವರು ನಮ್ಮ ಬಾಗಿಲಿಗೂ ಬಂದರು. ನಾನು ಬೀಗ ತೋರಿಸಿದೆ. ಅವರು ನಕ್ಕು, ಪರವಾಗಿಲ್ಲ, ಸಂದಿಯಿಂದ ಕೊಡಿ ಎಂದರು. ಪೆಟ್ಟಿಗೆಯಲ್ಲಿದ್ದ ನನ್ನ ಬಣ್ಣದ ಸೀರೆಗಳನ್ನು ಒಂದೊಂದಾಗಿ ಉದ್ದಕ್ಕೆ ಮಡಚಿ ಗ್ರಿಲ್ಲಿನ ಸಂದಿಯಲ್ಲಿ ತೂರಿಸಿದೆ. ಆಚೆಯಿಂದ ಅವರು ಎಳೆದುಕೊಂಡರು. ನಿಮ್ಮ ಅಜ್ಜ ತಂದಿದ್ದ ನೇರಳೆ ಬಣ್ಣದ್ದು ದಪ್ಪವಿತ್ತು, ಸಿಕ್ಕಿಕೊಂಡಿತು. ಇಬ್ಬರೂ ಸೇರಿ ಬಿಡಿಸಿದೆವು.

ಅಂದು ಸಂಜೆ ಬಾಲ್ಕನಿಯಿಂದ ನೋಡುತ್ತೇನೆ, ಕೆಳಗೆ ದೊಡ್ಡ ಮೂಟೆಯೊಂದನ್ನು ಬಿಚ್ಚುತ್ತಿದ್ದಾರೆ. ನೇಕಾರರ ಸಂಘದಿಂದ ಬಂದ ಹೊಸ ಕೈಮಗ್ಗದ ಸೀರೆಗಳು. ಎಲ್ಲವೂ ಬಿಳಿ, ಅಂಚಿನಲ್ಲಿ ಕಸವು ಎನ್ನುವ ಚಿನ್ನದ ಜರಿಯ ಸಣ್ಣ ಗೆರೆ. ಸಂತ್ರಸ್ತರು ಭಿಕ್ಷುಕರಲ್ಲ, ಹಳೆಯದರ ಜೊತೆ ಪ್ರತಿ ಹೆಂಗಸಿಗೂ ಒಂದು ಹೊಸದು ಇರಲಿ, ನಾವು ಓಣಂಗೆ ಉಡುವಂಥದ್ದೇ ಇರಲಿ ಎಂದು ಟೀಚರ್ ಹೇಳಿ ತರಿಸಿದ್ದರಂತೆ. ಅವರು ಒಂದನ್ನು ಬಿಡಿಸಿ ಎತ್ತಿ ಹಿಡಿದರು. ನನಗೆ ಹಳೆಯ ಒಂದು ಓಣಂ ನೆನಪಾಯಿತು.

ತಿರುವನಂತಪುರದ ಕ್ವಾರ್ಟರ್ಸಿನಲ್ಲಿ ನಮ್ಮ ಎದುರು ಮನೆಯವರು ಒರಿಸ್ಸಾದವರು. ಗಂಡ ಅದೇ ಸಂಸ್ಥೆಯಲ್ಲಿ ಟೆಕ್ನೀಷಿಯನ್, ಹೆಂಡತಿ ಇನ್ನೂ ಚಿಕ್ಕ ಹುಡುಗಿ. ಒಂದು ಓಣಂಗೆ ನಮ್ಮ ಸಾಲಿನ ಮಲಯಾಳಿ ಹೆಂಗಸರು ಅವಳಿಗೂ ನನಗೂ ಒಂದೊಂದು ಕಸವು ಸೀರೆ ಕೊಟ್ಟರು. ಮಧ್ಯಾಹ್ನ ಆ ಹುಡುಗಿ ನಮ್ಮ ಮನೆಗೆ ಬಂದಳು. ಸೀರೆಯನ್ನು ತನ್ನ ಮನೆಯೊಳಗೆ ತೆಗೆದುಕೊಂಡು ಹೋಗಿರಲಿಲ್ಲ, ಹೊರಗೆ ಗಂಡನ ಸ್ಕೂಟರಿನ ಮೇಲೆ ಇಟ್ಟು ಬಂದಿದ್ದಳು. ಇಬ್ಬರಿಗೂ ಹಿಂದಿ ಅರ್ಧಂಬರ್ಧ.

“ನನ್ನ ಗಂಡ ಬದುಕಿದ್ದಾನೆ ದೀದಿ. ನನಗೆ ಯಾಕೆ ಇದನ್ನು ಕೊಟ್ಟರು?”

ಅವಳ ಊರಿನಲ್ಲಿ ಬಿಳಿ ಸೀರೆ ಕೊಡುವುದು ಗಂಡ ಸತ್ತವಳಿಗೆ. ಸಂಜೆ ನಿಮ್ಮ ಅಜ್ಜ ಹೋಗಿ ಅವಳ ಗಂಡನ ಹತ್ತಿರವೂ ಆ ಹೆಂಗಸರ ಹತ್ತಿರವೂ ಮಾತಾಡಿ ಎಲ್ಲ ಸರಿ ಮಾಡಿದರು. ನಾನು ಒಳಗೆ ಕಾಫಿ ಮಾಡಿದೆ, ಅಷ್ಟೆ.

ಈಗ ಕೆಳಗೆ ಹೋಗಿ ಹೇಳುವವರು ಯಾರು? ಗಂಡ ಎಲ್ಲಿ ಕೊಚ್ಚಿಹೋದನೋ, ಬರುತ್ತಾನೋ ಇಲ್ಲವೋ ಎಂದು ದಾರಿ ನೋಡುತ್ತಾ ಕುಳಿತ ಹೆಂಗಸಿನ ಕೈಗೆ ಯಾರೋ ಬಿಳಿ ಸೀರೆ ಇಡುತ್ತಾರೆ. ನನಗೆ ಅದೊಂದೇ ಕಾಣುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಅಮ್ಮನಿಗೆ ಹೇಳಿದೆ. ಪಾಪ, ದಣಿದು ಬಂದಿದ್ದಳು.

“ಎಂತ ಅಮ್ಮ ನೀನು. ಮೈ ಮೇಲೆ ಬಟ್ಟೆ ಇಲ್ಲದವರಿಗೆ ಬಣ್ಣ ನೋಡ್ಲಿಕ್ಕೆ ಪುರುಸೊತ್ತು ಉಂಟಾ?”

ಇರಬಹುದು ಎಂದುಕೊಂಡೆ. ಅವಳು ಓದಿದವಳು. ನಾನು ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತವಳು. ಬುಧವಾರವಿಡೀ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದೆ. ಮಲಯಾಳದ ಮಾತುಗಳನ್ನು ಜೋಡಿಸಿ ನೋಡಿದೆ, ನಾಲ್ಕನೆಯ ಮಾತಿಗೆ ನಿಲ್ಲುತ್ತಿತ್ತು. ಅದನ್ನು ಹೇಳಬೇಕಾದರೆ ನನ್ನ ಸೀರೆಯನ್ನೂ ತೋರಿಸಬೇಕು. ಇಷ್ಟು ದಿನ ಯಾರಿಗೂ ಗೊತ್ತಾಗದೆ ಉಟ್ಟಿದ್ದ ಬಿಳಿ. ಗುರುವಾರ ಬೆಳಿಗ್ಗೆ ಲಾರಿ ಬಂತು. ಮೂಟೆಗಳನ್ನು ಹೇರಿದರು, ಟೀಚರ್ ತೆಂಗಿನಕಾಯಿ ಒಡೆದರು. ನಾನು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದೆ. ಲಾರಿ ಜಂಕ್ಷನ್ನಿನ ಕಡೆ ತಿರುಗಿತು.

ಶುಕ್ರವಾರ ಇನ್ನೊಂದು ಮೂಟೆ ಬಂತು. ಎರಡನೆಯ ಲಾರಿ ಭಾನುವಾರ. ಮತ್ತೆ ಅದೇ ಬಿಳಿ.

ಮೊಳೆಯಿಂದ ಬೀಗದ ಕೈ ತೆಗೆದೆ. ಬೀಗ ಹೊರಗಡೆ, ಕೈ ಸಂದಿಯಲ್ಲಿ ತೂರಿಸಿ ಹಿಂದುಮುಂದಾಗಿ ತಿರುಗಿಸಬೇಕು. ಎರಡು ಸಲ ಬೀಗದ ಕೈ ಕೆಳಗೆ ಬಿತ್ತು. ಪೊರಕೆ ಕಡ್ಡಿಯಿಂದ ಎಳೆದುಕೊಂಡೆ. ಕಾರು ನಿಲ್ಲಿಸುವ ಜಾಗಕ್ಕೆ ಹೊಸ್ತಿಲು ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ಮೆಟ್ಟಿಲು ಇಳಿದೆ.

ಎಲ್ಲರೂ ತಲೆಯೆತ್ತಿ ನೋಡಿದರು. ಮೂಟೆಯಿಂದ ಒಂದು ಸೀರೆ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಒರಿಸ್ಸಾ ಎಂದೆ. ಬರಿದಾದ ಹಣೆ ಮುಟ್ಟಿ ತೋರಿಸಿದೆ. ಗಂಡ ಸತ್ತವರು, ಅವರು ಮಾತ್ರ, ಎಂದು ತುಂಡು ತುಂಡಾಗಿ ಹೇಳಿದೆ.

ನಾಲ್ಕನೇ ಮಹಡಿಯ ಚುರುಕು ಬಾಯಿಯ ಹೆಂಗಸು ನಕ್ಕಳು. “ಹಾಗಾದ್ರೆ ಅಮ್ಮೇ, ಕೇರಳದಲ್ಲಿ ನಾವೆಲ್ಲ ಓಣಂ ದಿನ ವಿಧವೆಯರಾ?”

ಉಳಿದವರೂ ನಕ್ಕರು. ನನಗೆ ಓಡಿಹೋಗಬೇಕೆನಿಸಿತು. ಟೀಚರ್ ನಗಲಿಲ್ಲ. ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು.

“ಅಮ್ಮ ಉಡುವುದೂ ಅದಕ್ಕೇನಾ?”

ತಲೆಯಾಡಿಸಿದೆ.

“ನಾನು ಅಮ್ಮನಿಗೆ ಬಿಳಿ ಇಷ್ಟ ಅಂತ ತಿಳಿದಿದ್ದೆ,” ಎಂದರು. ನಿಮ್ಮ ಅಜ್ಜ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು. ಸೀರೆಗೂ ಅದಕ್ಕೂ ಸಂಬಂಧ ಇದೆಯೆಂದು ಗೊತ್ತಿರಲಿಲ್ಲ. ಈ ಸೀರೆಗಳನ್ನು ಮೊದಲು ಯಾವಾಗ ನೋಡಿದಿರಿ ಎಂದು ಕೇಳಿದರು. ನಾನು ಮಂಗಳವಾರ ಎಂದೆ. ಟೀಚರ್ ಎದ್ದು ಹೋಗಿ, ಲಾರಿ ಮೂಟೆ ಇಳಿಸಿದ್ದ ರೈಲ್ವೆ ಗೂಡ್ಸ್ ಶೆಡ್ಡಿಗೆ ಫೋನ್ ಮಾಡಿಸಿದರು. ವ್ಯಾಗನ್ನು ಹಿಂದಿನ ರಾತ್ರಿಯೇ ಹೊರಟಾಗಿತ್ತು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ಬಣ್ಣ ಹಾಕೋಣ ಎಂದರು. ಬ್ರಾಡ್‌ವೇ ಪೇಟೆಯಿಂದ ಕೆಂಪು, ಹಸಿರು ಬಣ್ಣದ ಪುಡಿ ತರಿಸಿದರು, ಮದುವೆ ಅಡುಗೆಯವರ ಹಂಡೆಗಳನ್ನು ತಂದರು. ಮೊದಲ ಹಂಡೆಯ ಸೀರೆಗಳೆಲ್ಲ ಕಲೆ ಕಲೆಯಾದವು. ಹೊಸ ಬಟ್ಟೆಯ ಗಂಜಿ ಬಿಡಿಸದೆ ಮುಳುಗಿಸಿದ್ದರು. ನಾನು ನೋಡುತ್ತಾ ಸುಮ್ಮನಿದ್ದೆ, ಆಮೇಲೆ ನಾಚಿಕೆಯಾಗಿ ಎದ್ದು ಸೀರೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಬಿಸಿನೀರಿನಲ್ಲಿ ತೊಳೆದು ಗಂಜಿ ಬಿಡಿಸಬೇಕು, ಬಣ್ಣದ ನೀರಿಗೆ ಉಪ್ಪು ಹಾಕಬೇಕು, ಕೋಲಿನಿಂದ ತಿರುವುತ್ತಲೇ ಇರಬೇಕು. ಅದಕ್ಕೆ ಭಾಷೆ ಬೇಕಾಗಲಿಲ್ಲ. ನಾಲ್ಕನೇ ಮಹಡಿಯ ಹೆಂಗಸೇ ನನ್ನ ಜೊತೆ ಕೋಲು ಹಿಡಿದಳು. ಹೊರಗೆ ತುಲಾ ಮಾಸದ ಮಳೆ, ಒಣಗಿಸಲು ಬಿಸಿಲಿಲ್ಲ. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಮನೆಮನೆಯಿಂದ ಟೇಬಲ್ ಫ್ಯಾನ್ ತಂದಿಟ್ಟರು. ಭಾನುವಾರ ಬೆಳಿಗ್ಗೆ ಇನ್ನೂ ಸ್ವಲ್ಪ ಹಸಿಯಾಗಿದ್ದ ಸೀರೆಗಳಿಗೆ ಇಸ್ತ್ರಿ ಹಾಕಿ ಮಡಚಿ ಕಳಿಸಿದೆವು.

ನನ್ನ ಕೈಗಳು ಮೊಣಕೈವರೆಗೆ ಕೆಂಪು. ಎಂತಮ್ಮ, ಮದರಂಗಿಯಾ ಎಂದು ನಿಮ್ಮ ಅಮ್ಮ ತಮಾಷೆ ಮಾಡಿದಳು. ಊರಿನಿಂದ ಅತ್ತಿಗೆ ಬಂದಾಗಲೂ ಉಗುರಿನ ಬುಡದಲ್ಲಿ ಬಣ್ಣ ಉಳಿದಿತ್ತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಅವರಿಗೆ ಬಡಿಸಿದೆ.

ಬೀಗ ಹಾಕುವುದು ಬೇಡ ಎಂದು ಆಮೇಲೆ ನಿಮ್ಮ ಅಮ್ಮನಿಗೆ ಹೇಳಿದೆ. ಆದರೂ ಹೆಚ್ಚಾಗಿ ಒಳಗೇ ಇರುತ್ತಿದ್ದೆ. ಕಲೆಯಾದ ಸೀರೆಗಳಲ್ಲಿ ಒಂದು ಹಸಿರಿನದನ್ನು ಟೀಚರ್ ನನಗೆ ಕೊಟ್ಟರು. ನಾನು ಉಡಲಿಲ್ಲ, ಕೊಡಲೂ ಇಲ್ಲ. ನನ್ನ ಪೆಟ್ಟಿಗೆಯ ತಳದಲ್ಲಿ ನೀವು ನೋಡಿ ಇದೇನಜ್ಜಿ ಎಂದು ಕೇಳಿದ್ದು ಅದೇ.

ಭಾನುವಾರದ ಲಾರಿಯ ನೆನಪು ನನಗೆ ಹೆಚ್ಚು ಬರುವುದಿಲ್ಲ. ಗುರುವಾರದ್ದು ಬರುತ್ತದೆ. ಯಾವುದೋ ಶಾಲೆಯ ಜಗಲಿಯಲ್ಲಿ ಒಬ್ಬಳು ಮೂಟೆಯಿಂದ ತನ್ನ ಪಾಲಿನ ಸೀರೆ ತೆಗೆದು ಬಿಡಿಸುತ್ತಾಳೆ. ಇದು ಕೇರಳದ ಹಬ್ಬದ ಸೀರೆ, ಬೇರೆ ಅರ್ಥ ಇಲ್ಲ ಎಂದು ಅವಳಿಗೆ ಹೇಳಲು ಅಲ್ಲಿ ನಮ್ಮ ಕ್ವಾರ್ಟರ್ಸಿನಂತೆ ಎದುರು ಮನೆಯವರು ಯಾರಾದರೂ ಇದ್ದರೋ, ಇಲ್ಲವೋ.